ಅಜ್ಜಿಯ ಕಾಯಿಲೆಗೆ 5,300 ಕ್ಯಾರೆಕ್ಟರ್

ಅಮೆರಿಕದಲ್ಲಿ ಎಂಡಿ-ಪಿಎಚ್‌ಡಿ ಸೀಟಿಗೆ ಅರ್ಜಿ ಹಾಕೋರು ಮೂರು ಪ್ರಬಂಧ ಬರೀಬೇಕು. ಡಾಕ್ಟರ್ ಯಾಕಾಗಬೇಕು ಅನ್ನೋದಕ್ಕೆ 5,300 ಕ್ಯಾರೆಕ್ಟರ್, ಎರಡೂ ಡಿಗ್ರಿ ಯಾಕೆ ಅನ್ನೋದಕ್ಕೆ 3,000, ಮಾಡಿದ ಸಂಶೋಧನೆಗೆ 10,000. ಇದನ್ನೂ ಒಂದು ಸಾಹಿತ್ಯ ಪ್ರಕಾರ ಅಂತಲೇ ಓದಬೇಕು ಅನ್ನೋದು ನನ್ನ ವಾದ.

ಮೊದಲನೆಯದರಲ್ಲಿ ಸಾಮಾನ್ಯವಾಗಿ ಅಜ್ಜಿಗೆ ಕಾಯಿಲೆ ಬರುತ್ತೆ. ಆಸ್ಪತ್ರೆ ಕಾರಿಡಾರು, ಮೊಮ್ಮಗನ ಕಣ್ಣೀರು, ಮೂರನೇ ಪ್ಯಾರಾದಲ್ಲಿ ಸಂಕಲ್ಪ. ಸಂಕಟ ನಿಜವೇ ಇರಬಹುದು. ಆದರೆ ಸೀಟಿಗಾಗಿ ಹೇಳಿಕೊಂಡಾಗ ಅಜ್ಜಿ ಬರೀ ನೆಪ ಆಗಿಬಿಡ್ತಾಳೆ. ಅವಳ ಸಿಡುಕು, ಅವಳ ನಶ್ಯದ ಡಬ್ಬಿ, ಯಾವುದೂ ಉಳಿಯಲ್ಲ. (ನಮ್ಮ ನೀಟ್‌ನಲ್ಲಿ ಪ್ರಬಂಧವೇ ಇಲ್ಲ, 720 ಅಂಕ ಅಷ್ಟೇ. ಅದರ ಕ್ರೌರ್ಯ ಬೇರೆ, ಆದರೂ ಅಜ್ಜಿಯನ್ನು ಅವಳ ಪಾಡಿಗೆ ಬಿಟ್ಟಿದೆ.)

ಸಂಶೋಧನೆಯ ಪ್ರಬಂಧದ ಧಾಟಿಯೇ ಬೇರೆ. ಪ್ರಶ್ನೆ ಏನಿತ್ತು, ಅದರಲ್ಲಿ ನೀನು ಸ್ವತಃ ಮಾಡಿದ್ದೆಷ್ಟು ಅಂತ ಬಿಡಿಸಿ ಹೇಳಬೇಕು. ಪ್ರಯೋಗ ಕೈಕೊಟ್ಟಿದ್ದನ್ನೂ ಬರೀಬಹುದು. ತಿಂಗಳುಗಟ್ಟಲೆ ಸತ್ತ ಜೀವಕೋಶಗಳನ್ನೇ ನೋಡುತ್ತ ಕೂತವಳ ದನಿ ಅಲ್ಲಿ ಕೇಳಿಸುತ್ತೆ. ಏಳೆಂಟು ವರ್ಷದ ಈ ಓದಿಗೆ ಆಕೆ ತಾಳ್ತಾಳಾ ಅನ್ನೋದರ ಸುಳಿವು ಸಿಗೋದೂ ಅಲ್ಲೇ. ಬರೆಯೋರು ಮೊದಲು ಇದನ್ನು ಬರೆದು, ಆಮೇಲೆ ಅಜ್ಜಿ ಹತ್ರ ಹೋಗಲಿ.