ದೊಡ್ಡಪ್ಪನ ಎಮ್ಮೆ ಮತ್ತು ಇಂಕಾಗಳ 'ಕಳೆದುಹೋದ' ನಗರ

ಮುಂದಿನ ಮೇ ತಿಂಗಳಿಗೆ ಪೆರು, ಮಾಚು ಪಿಚ್ಚು ಅಂತ ನಾವು ಮೂವರು ಗೆಳೆಯರು ತೀರ್ಮಾನ ಮಾಡಿದ್ದೇವೆ. ತೀರ್ಮಾನ ಆದ ಐದು ನಿಮಿಷಕ್ಕೆ ಎಕ್ಸೆಲ್ ಶೀಟ್ ಓಪನ್ ಆಯ್ತು, ಅದು ನಮ್ಮ ಕುಲದ ಪದ್ಧತಿ. ಕುಸ್ಕೊ ಊರು ಸುಮಾರು 3,400 ಮೀಟರ್ ಎತ್ತರ, ಇಳಿದ ದಿನ ಸುಮ್ಮನೆ ಬಿದ್ದಿರಬೇಕು. ಮಾಚು ಪಿಚ್ಚು ಅದಕ್ಕಿಂತ ಕೆಳಗೆ, 2,430 ಮೀಟರ್. ಇಂಕಾ ಟ್ರೇಲ್‌ನಲ್ಲಿ ನಡೆದು ಹೋಗೋದಾದರೆ ದಿನಕ್ಕೆ 500 ಜನಕ್ಕೆ ಮಾತ್ರ ಪರವಾನಗಿ, ಹೊರೆ ಹೊರುವವರೂ ಆ ಲೆಕ್ಕದಲ್ಲೇ. ಫೆಬ್ರವರಿಯಲ್ಲಿ ದಾರಿ ಬಂದ್. ಒಳಗೆ ಹೋಗುವ ಗಂಟೆ ಯಾವುದು, ಮೂರರಲ್ಲಿ ಯಾವ ಸರ್ಕ್ಯೂಟ್ ಅನ್ನೋದನ್ನೂ ಟಿಕೆಟ್ ತೆಗೆಯುವಾಗಲೇ ಆರಿಸಬೇಕು.

ಇದೇ ಶೀಟಿನಲ್ಲಿ 'ಓದಬೇಕಾದ್ದು' ಅಂತ ಒಂದು ಕಾಲಂ. ಅದರಲ್ಲಿ ಗೆಳೆಯ ಹಾಕಿದ್ದು ಒಂದೇ ಪುಸ್ತಕ: ಹೈರಮ್ ಬಿಂಗಮ್ ಬರೆದ 'ಲಾಸ್ಟ್ ಸಿಟಿ ಆಫ್ ದಿ ಇಂಕಾಸ್'. ಹಾಕಿದವನು ಓದಲಿಲ್ಲ, ನಾನು ಓದಿದೆ.

ಮೊದಲೇ ಹೇಳಿಬಿಡ್ತೀನಿ, ಬೆಟ್ಟ ಹತ್ತುವ ಅಧ್ಯಾಯ ಸೊಗಸಾಗಿದೆ. 1911ರ ಜುಲೈ 24, ಬೆಳಗ್ಗೆ ಜಿನುಗು ಮಳೆ. ತಂಡದ ಒಬ್ಬನಿಗೆ ಚಿಟ್ಟೆ ಹಿಡಿಯುವ ಕೆಲಸ, ಇನ್ನೊಬ್ಬನಿಗೆ ಬಟ್ಟೆ ಒಗೆಯುವ ಕೆಲಸ, ಯಾರೂ ಬರಲೊಲ್ಲರು. ಕೆಳಗಿನ ಬಯಲಿನಲ್ಲಿ ಸಣ್ಣ ತಂಗುಮನೆ ನಡೆಸುತ್ತಿದ್ದ ಮೆಲ್ಚೋರ್ ಆರ್ಟಿಯಾಗಾ ಒಂದು ಸೋಲ್ ಕೂಲಿಗೆ ದಾರಿ ತೋರಿಸಲು ಒಪ್ಪುತ್ತಾನೆ. ಮರದ ದಿಮ್ಮಿಗಳ ಸೇತುವೆಯ ಮೇಲೆ ಬಿಂಗಮ್ ಅಂಬೆಗಾಲಿಟ್ಟು ನದಿ ದಾಟುತ್ತಾನೆ. ಓದುವಾಗ ನನ್ನ ಅಂಗೈಯೂ ಬೆವರಿತು.

ಆದರೆ ಮೇಲೆ ಹತ್ತಿದ ಮೇಲೆ ಏನಾಗುತ್ತೆ ನೋಡಿ. ಅಲ್ಲೊಂದು ಗುಡಿಸಲು. ರಿಚಾರ್ಟೆ, ಅಲ್ವಾರೆಸ್ ಅಂತ ಇಬ್ಬರು ರೈತರು ಕುಟುಂಬದ ಜೊತೆ ಅಲ್ಲಿ ನಾಲ್ಕು ವರ್ಷದಿಂದ ವಾಸ. ಸೋರೆ ಬುರುಡೆಯಲ್ಲಿ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಉಪಚರಿಸುತ್ತಾರೆ. ಇಂಕಾಗಳ ಮೆಟ್ಟಿಲು ಹೊಲಗಳಲ್ಲೇ ಜೋಳ, ಆಲೂಗಡ್ಡೆ, ಹುರುಳಿಕಾಯಿ, ಮೆಣಸಿನಕಾಯಿ ಬೆಳೆದಿದ್ದಾರೆ. ತೆರಿಗೆ ವಸೂಲಿಯವರು, ಸೈನ್ಯಕ್ಕೆ ಎಳೆದೊಯ್ಯುವವರು ಅಷ್ಟು ಎತ್ತರಕ್ಕೆ ಬರಲ್ಲ ಅಂತಲೇ ಅಲ್ಲಿ ನೆಲೆಸಿದವರು ಅವರು. ಆರ್ಟಿಯಾಗಾ ಆ ಜಾಗ ಮೊದಲೇ ನೋಡಿದವನು, ಹಾಗಾಗಿ ಹರಟೆಗೆ ಕೂರುತ್ತಾನೆ. ಮುಂದೆ ಬಿಂಗಮ್‌ಗೆ ಊರು ತೋರಿಸೋದು ಒಬ್ಬ ಚಿಕ್ಕ ಹುಡುಗ.

ಇದನ್ನೆಲ್ಲ ಬಿಂಗಮ್ ತಾನೇ ಬರೆದಿದ್ದಾನೆ. ಬರೆದು, ಪುಸ್ತಕಕ್ಕೆ 'ಕಳೆದುಹೋದ ನಗರ' ಅಂತ ಹೆಸರಿಟ್ಟಿದ್ದಾನೆ! ನನ್ನ ತಕರಾರು ಇಲ್ಲೇ. ಗೆಣಸು ತಿಂದ ಪುಟಕ್ಕೂ ರಕ್ಷಾಪುಟಕ್ಕೂ ಮಾತುಕತೆಯೇ ಇಲ್ಲ. ಕಳೆದುಹೋಗಿತ್ತು ಅಂದ್ರೆ ಯಾರಿಗೆ?

ಇನ್ನೊಂದು ಹೆಸರಿನ ಕಥೆ ಇದಕ್ಕಿಂತ ಕೆಟ್ಟದ್ದು. ಅಗುಸ್ಟಿನ್ ಲಿಸಾರಾಗಾ ಅನ್ನುವ ಅದೇ ಕಣಿವೆಯ ರೈತ 1902ರಲ್ಲೇ ಅಲ್ಲಿಗೆ ಹೋಗಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ಹೆಸರು, ಇಸವಿ ಬರೆದು ಬಂದಿದ್ದ. ಬಿಂಗಮ್ ಅದನ್ನು ನೋಡಿದ. ಈ ಜಾಗ ಕಂಡುಹಿಡಿದವನು ಲಿಸಾರಾಗಾ ಅಂತ 1911ರ ಡೈರಿಯಲ್ಲಿ ಗುರುತು ಹಾಕಿಕೊಂಡ. ಮರುವರ್ಷ ಲಿಸಾರಾಗಾ ಆ ಕಣಿವೆಯ ನದಿಯಲ್ಲೇ ಮುಳುಗಿ ಸತ್ತ. 1948ರಲ್ಲಿ, ಎಪ್ಪತ್ತು ದಾಟಿದ ಬಿಂಗಮ್ ಈ ಪುಸ್ತಕ ಬರೆಯುವ ಹೊತ್ತಿಗೆ ಆ ಹೆಸರು ಮಾಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಕಮಿಟ್ ಹಿಸ್ಟರಿ ಅಳಿಸಿ ಫೋರ್ಸ್ ಪುಷ್.

ನನಗ್ಯಾಕೆ ಇಷ್ಟು ಉರಿ ಅಂತ ಕೇಳಬಹುದು. ಎರಡು ವರ್ಷದ ಹಿಂದೆ ನಮ್ಮೂರ ಪಕ್ಕದ ಗುಡ್ಡದ ಫೋಟೊ ಹಾಕಿ, 'ಯಾರಿಗೂ ಗೊತ್ತಿಲ್ಲದ ಜಾಗ' ಅಂತ ಆಫೀಸಿನ ಒಬ್ಬರು ಪೋಸ್ಟ್ ಮಾಡಿದ್ದರು. ಫೋಟೊದ ಮೂಲೆಯಲ್ಲಿ ನಮ್ಮ ದೊಡ್ಡಪ್ಪನ ಎಮ್ಮೆ ಮೇಯ್ತಾ ಇತ್ತು. ನಾನು ಲೈಕ್ ಒತ್ತಿ ಸುಮ್ಮನಾದೆ. ಇದು ನಮ್ಮೂರು ಅಂತ ಹೇಳಲಿಕ್ಕೆ ಅವತ್ತು ಯಾಕೋ ಸಂಕೋಚ. ಬಿಂಗಮ್ ಪುಸ್ತಕ ಓದುವಾಗ ಆ ಎಮ್ಮೆ ಮತ್ತೆ ಮತ್ತೆ ಅಡ್ಡ ಬಂತು.

ಪುಸ್ತಕದ ಸಿದ್ಧಾಂತಗಳೂ ನಿಂತಿಲ್ಲ. ಇಂಕಾಗಳ ಕೊನೆಯ ಅಡಗುದಾಣ ವಿಲ್ಕಬಾಂಬಾ ಇದೇ ಅಂದ, ಅಲ್ಲ. ನಿಜವಾದದ್ದು ಎಸ್ಪಿರಿಟು ಪಂಪಾ. ತಮಾಷೆ ಅಂದ್ರೆ, ಅದೇ 1911ರಲ್ಲಿ ಅವನು ಅಲ್ಲಿಗೂ ಹೋಗಿದ್ದ, ಗುರುತಿಸಲಿಲ್ಲ. ಸಿಕ್ಕ ಅಸ್ಥಿಗಳಲ್ಲಿ ಹೆಂಗಸರದ್ದೇ ಹೆಚ್ಚು ಅಂತ ಅವನ ತಂಡದವರು ಹೇಳಿದ್ದನ್ನು ನಂಬಿ, ಸೂರ್ಯನ ಕನ್ಯೆಯರ ಕಥೆ ಕಟ್ಟಿದ. ಆಮೇಲೆ ಅದೇ ಅಸ್ಥಿಗಳನ್ನು ಮತ್ತೆ ಪರೀಕ್ಷೆ ಮಾಡಿದರೆ ಗಂಡು ಹೆಣ್ಣು ಹೆಚ್ಚುಕಮ್ಮಿ ಸಮ.

ಕಳೆದ ವಾರ ಊರಿಗೆ ಹೋದಾಗ ಅಪ್ಪನಿಗೆ ಫೋಟೊ ತೋರಿಸಿದೆ. ಹಾಸನದ ಕಡೆಯ ನಮ್ಮ ಹೊಲದಲ್ಲಿ ಅವರು ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಅದರ ಮೂಲ ಈ ಆಂಡಿಸ್ ಬೆಟ್ಟಗಳೇ ಅಂದೆ. ಅವರು ದೇವಸ್ಥಾನ, ಅರಮನೆ ಯಾವುದನ್ನೂ ಕೇಳಲಿಲ್ಲ. ಮೆಟ್ಟಿಲು ಹೊಲ ಜೂಮ್ ಮಾಡಿಸಿ, 'ಅಷ್ಟ್ ಮೇಲಕ್ಕೆ ನೀರು ಹೆಂಗೋ?' ಅಂದರು.

ಬಿಂಗಮ್ ಹತ್ತಿರ ಇದಕ್ಕೆ ನೆಟ್ಟಗಿನ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಸಿವಿಲ್ ಎಂಜಿನಿಯರ್ ಕೆನ್ನೆತ್ ರೈಟ್, ಪುರಾತತ್ವಜ್ಞ ಅಲ್ಫ್ರೆಡೊ ವಲೆನ್ಸಿಯಾ ಸೇರಿ 2000ದಲ್ಲಿ ತಂದ ಪುಸ್ತಕದಲ್ಲಿ. ಗದ್ಯ ಪ್ರಾಜೆಕ್ಟ್ ರಿಪೋರ್ಟಿನಷ್ಟೇ ಒಣಕಲು, ಆದರೂ ರಾತ್ರಿ ಎರಡರವರೆಗೆ ಬಿಡಲಿಲ್ಲ. ಹೊಲಕ್ಕೆ ನೀರು ಹಾಯಿಸುತ್ತಲೇ ಇರಲಿಲ್ಲವಂತೆ, ವರ್ಷಕ್ಕೆ 1,900 ಮಿಲಿಮೀಟರ್ ದಾಟುವ ಮಳೆಯೇ ಸಾಕು. ನೀರನ್ನು ಹೊರಗೆ ಕಳಿಸೋದೇ ಕಷ್ಟ. ಅದಕ್ಕೇ ಅಡಿಯಲ್ಲಿ ಕಲ್ಲು, ಅದರ ಮೇಲೆ ಜಲ್ಲಿ ಮರಳು, ಎಲ್ಲದರ ಮೇಲೆ ಮಣ್ಣು. ಕುಡಿಯಲು ಮಾತ್ರ ಬೆಟ್ಟದ ಊಟೆಯಿಂದ 749 ಮೀಟರ್ ಉದ್ದದ ಕಾಲುವೆ ತೆಗೆದು 16 ಕಾರಂಜಿಗಳಿಗೆ ಹಂಚಿದ್ದಾರೆ. ಬಿಂಗಮ್ ಪುಸ್ತಕದಲ್ಲಿ ನಾಯಕ ಬಿಂಗಮ್. ಇದರಲ್ಲಿ ನಾಯಕ ಯಾರು ಅಂದ್ರೆ, ಕಲ್ಲು ಹೊತ್ತವನು ಅಂತಲೇ ಹೇಳಬೇಕು. ನಿಮಗೆ ಒಂದೇ ಪುಸ್ತಕಕ್ಕೆ ಟೈಮ್ ಇದ್ದರೆ ಇದನ್ನೇ ಓದಿ. ಬಿಂಗಮ್‌ದು ಆ ಒಂದು ಅಧ್ಯಾಯ ಸಾಕು.

ಶೀಟಿನಲ್ಲಿ ಈಗ 'ಅಪ್ಪನ ಪ್ರಶ್ನೆ' ಅಂತ ಹೊಸ ಕಾಲಂ ಸೇರಿಸಿದ್ದೇನೆ. ಫೋನಿನಲ್ಲಿ ಉತ್ತರ ಹೇಳಿದೆ. ಎಲ್ಲ ಕೇಳಿ, 'ಬಿತ್ತನೆ ಗಡ್ಡೆ ಎರಡು ತರಕ್ಕಾಗುತ್ತಾ?' ಅಂದರು. ಕಸ್ಟಮ್ಸ್‌ನವರು ಬಿಡಲ್ಲಪ್ಪ ಅಂದೆ.

'ಹಂಗಾದ್ರೆ ಅಲ್ಲಿ ಮೂಟೆ ಏನ್ ರೇಟು ಅಂತಾನಾದ್ರೂ ಕೇಳ್ಕೊಂಡ್ ಬಾ.'