ಬೀಗ ತೆಗೆದ ಫ್ಲೋ

ಹಳೆಯ ಟ್ಯಾಬ್ಲೆಟ್ ಕೊಳ್ಳಲು ಹೋದವರು ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು, ಪರದೆಯ ಮೇಲೆ ಗೀರು ಬಿದ್ದಿದೆಯೇ ಎಂದು ನೋಡುತ್ತಾರೆ. ನೋಡಲೇಬೇಕು. ನನ್ನ ಮೊದಲ ಪ್ರಶ್ನೆ ಮಾತ್ರ ಬೇರೆ: ಇದರ ಬೂಟ್‌ಲೋಡರ್ ಬೀಗ, ಅಂದರೆ ಬೇರೆ ವ್ಯವಸ್ಥೆ ಹಾಕದಂತೆ ತಡೆಯುವ ಬೀಗ, ತೆಗೆಯಬಹುದೇ? ತೆಗೆಯಬಹುದಾದರೆ ಹತ್ತು ಹನ್ನೆರಡು ವರ್ಷ ಕಳೆದ ಮೇಲೂ ಅದಕ್ಕೆ ಆಯಸ್ಸು ಇದೆ. ತೆಗೆಯಲಾಗದಿದ್ದರೆ ಅದು ಎಷ್ಟೇ ದುಬಾರಿಯದಾಗಿರಲಿ, ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನದಿಂದಲೇ ಅದರ ದಿನಗಣನೆ ಶುರು.

ಈ ಲೆಕ್ಕದಲ್ಲಿ ನನ್ನ ಮಟ್ಟಿಗೆ ಇವತ್ತಿಗೂ ಮೊದಲ ಸ್ಥಾನ 2013ರ ನೆಕ್ಸಸ್ 7ಕ್ಕೆ. ಗೂಗಲ್‌ಗಾಗಿ ಏಸಸ್ ತಯಾರಿಸಿದ ಈ ಏಳಿಂಚಿನ ಟ್ಯಾಬ್ಲೆಟ್ ಆ ವರ್ಷದ ಜುಲೈನಲ್ಲಿ ಬಂತು. ತೂಕ 290 ಗ್ರಾಂ, ರ‍್ಯಾಮ್ 2 ಜಿಬಿ, ಪರದೆಯಲ್ಲಿ ಇಂಚಿಗೆ 323 ಚುಕ್ಕೆ. ಅದರ ಹಿಂದಿನ ವರ್ಷದ ನೆಕ್ಸಸ್ 7ರಲ್ಲಿ ಇದ್ದದ್ದು 216. ಕನ್ನಡ ಓದುವವರಿಗೆ ಈ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ. ‘ರಾಷ್ಟ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದಾಗ ಷಕಾರದ ಕೆಳಗೆ ಸೇರುವ ಎರಡು ಒತ್ತುಗಳು ಹಳೆಯ ಪರದೆಯಲ್ಲಿ ಕಲಸಿಹೋಗಿ ಒಂದು ಮಚ್ಚೆಯಂತೆ ಕಾಣುತ್ತಿದ್ದವು. ಇದರಲ್ಲಿ ಎರಡೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ವೈಫೈ ಮಾತ್ರ ಇರುವ ಮಾದರಿಯನ್ನು ಡೆವಲಪರ್‌ಗಳು ಕರೆಯುವುದು ‘ಫ್ಲೋ’ ಎಂದು. ಸಿಮ್ ಹಾಕುವ ಮಾದರಿ ‘ಡೆಬ್’. ನಾನು ಇಲ್ಲಿ ಹೇಳುವುದೆಲ್ಲ ಫ್ಲೋಗೆ ಸಂಬಂಧಿಸಿದ್ದು.

ಗೂಗಲ್ ಇದನ್ನು ಆಂಡ್ರಾಯ್ಡ್ 6.0.1ರವರೆಗೆ ತಂದು ಬಿಟ್ಟಿತು. ಯಂತ್ರ ಗಟ್ಟಿಮುಟ್ಟಾಗಿದ್ದರೂ ಜಾಲತಾಣಗಳು ಒಂದೊಂದಾಗಿ ತೆರೆಯದಂತಾಗುವುದು ಇಂಥ ಟ್ಯಾಬ್ಲೆಟ್‌ಗಳಿಗೆ ಬರುವ ದೊಡ್ಡ ಕಾಯಿಲೆ. ಅದಕ್ಕೆ ಒಂದು ಮುಖ್ಯ ಕಾರಣ ಸರ್ಟಿಫಿಕೇಟ್. ಲಕ್ಷಾಂತರ ಜಾಲತಾಣಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಬಳಸುತ್ತವೆ. ಆ ಸಂಸ್ಥೆಯ ಮೂಲ ಸರ್ಟಿಫಿಕೇಟನ್ನು ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಆವೃತ್ತಿಗಳು ಗುರುತಿಸುವುದಿಲ್ಲ. ಹಳೆಯ ಸಾಧನಗಳ ಮೇಲಿನ ಕಾಳಜಿಯಿಂದ ಅವರು ಇನ್ನೊಂದು ಸಂಸ್ಥೆಯ ಸಹಿಯ ಆಸರೆಯಲ್ಲಿ 2024ರವರೆಗೆ ಕಾಲ ತಳ್ಳಿದರು. ಆಮೇಲೆ ಅದೂ ಮುಗಿಯಿತು. ಫೈರ್‌ಫಾಕ್ಸ್ ತನ್ನದೇ ಸರ್ಟಿಫಿಕೇಟ್ ಪಟ್ಟಿಯನ್ನು ಜೊತೆಗಿಟ್ಟುಕೊಂಡಿರುವುದರಿಂದ ಸ್ವಲ್ಪ ಮಟ್ಟಿಗೆ ಪಾರಾಗಬಹುದು, ಆದರೆ ಉಳಿದ ಆ್ಯಪ್‌ಗಳ ಗತಿ ಹಾಗಲ್ಲ. ‘ಹಳೇದಾಯ್ತು, ಸ್ಲೋ ಆಯ್ತು’ ಎಂದು ಮೂಲೆಗೆ ಸೇರಿಸಿದ ಎಷ್ಟೋ ಟ್ಯಾಬ್ಲೆಟ್‌ಗಳ ಚಿಪ್ಪಿಗೆ ಏನೂ ಆಗಿರುವುದಿಲ್ಲ. ಹಳತಾಗಿರುವುದು ಒಳಗಿನ ವ್ಯವಸ್ಥೆ, ಅದನ್ನು ಬದಲಿಸಬಹುದು.

ಬದಲಿಸುವ ಕೆಲಸ ಬೀಗದಿಂದ ಶುರುವಾಗುತ್ತದೆ. ಟ್ಯಾಬ್ಲೆಟ್ ಆಫ್ ಮಾಡಿ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಹೊಟ್ಟೆ ತೆರೆದು ಮಲಗಿದ ಹಸಿರು ರೋಬೋ ಕಾಣಿಸುತ್ತದೆ. ಅದೇ ಫಾಸ್ಟ್‌ಬೂಟ್. ಕೆಳಗಿನ ಮೂಲೆಯ ಸಣ್ಣ ಅಕ್ಷರಗಳಲ್ಲಿ ಪ್ರಾಡಕ್ಟ್ ನೇಮ್ ಎದುರು ‘ಫ್ಲೋ’ ಎಂದಿರಬೇಕು. ಲಾಕ್ ಸ್ಟೇಟ್ ಎಂಬ ಸಾಲು ಬೀಗ ಹಾಕಿದೆಯೋ ತೆಗೆದಿದೆಯೋ ಹೇಳುತ್ತದೆ. ಕೇಬಲ್ ಚುಚ್ಚಿ ಕಂಪ್ಯೂಟರಿನಿಂದ ‘ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್’ ಎಂಬ ಆಜ್ಞೆ ಕಳಿಸಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ವಾಲ್ಯೂಮ್ ಬಟನ್‌ನಿಂದ ಒಪ್ಪಿಗೆ ಆರಿಸಿ ಪವರ್ ಬಟನ್ ಒತ್ತಬೇಕು. ಒತ್ತಿದ ಕೂಡಲೇ ಒಳಗಿದ್ದ ಫೋಟೋ, ಕಡತ ಎಲ್ಲವೂ ಅಳಿಸಿಹೋಗುತ್ತವೆ. ಬೀಗ ತೆಗೆದವರ ಕೈಗೆ ಹಳೆಯ ಮಾಲೀಕರ ದತ್ತಾಂಶ ಸಿಗಬಾರದೆಂದೇ ಹಾಗೆ ಮಾಡಿದ್ದಾರೆ. ಆದ್ದರಿಂದ ಬ್ಯಾಕಪ್ ಮೊದಲು, ಬೀಗ ಆಮೇಲೆ. ಅಲ್ಲಿಂದ ಮುಂದೆ ಆನ್ ಮಾಡಿದಾಗಲೆಲ್ಲ ಗೂಗಲ್ ಹೆಸರಿನ ಕೆಳಗೆ ತೆರೆದ ಬೀಗದ ಪುಟ್ಟ ಚಿತ್ರ ಕಾಣುತ್ತದೆ. ನನಗೆ ಆ ಚಿತ್ರ ಬಹಳ ಇಷ್ಟ.

ಬೀಗ ತೆರೆದರೆ ಮುಗಿಯಿತೇ? ಇಲ್ಲ. ಆಂಡ್ರಾಯ್ಡ್‌ನ ಮೂಲ ಸಂಹಿತೆ ಎಲ್ಲರಿಗೂ ತೆರೆದಿದ್ದರೂ ಗ್ರಾಫಿಕ್ಸ್, ಕ್ಯಾಮೆರಾ, ವೈಫೈ ಚಿಪ್‌ಗಳನ್ನು ನಡೆಸುವ ಡ್ರೈವರ್‌ಗಳನ್ನು ಚಿಪ್ ತಯಾರಕರು ಮುಚ್ಚಿದ ಕಡತಗಳಾಗಿ ಮಾತ್ರ ಕೊಡುತ್ತಾರೆ. ಈ ಗಂಟು ಎಷ್ಟು ಬಿಗಿಯಾದದ್ದೆಂದು ಜಗತ್ತಿಗೆ ತೋರಿಸಿದ್ದೇ ಫ್ಲೋ. ಟ್ಯಾಬ್ಲೆಟ್ ಮಾರುಕಟ್ಟೆಗೆ ಬಂದ ಮೇಲೂ ಅದರ ಗ್ರಾಫಿಕ್ಸ್ ಕಡತಗಳನ್ನು ಹಂಚಲು ಅನುಮತಿ ಸಿಕ್ಕಿರಲಿಲ್ಲ. ಆಂಡ್ರಾಯ್ಡ್‌ನ ತೆರೆದ ಸಂಹಿತೆಯನ್ನು ಗೂಗಲ್ ಪರವಾಗಿ ನೋಡಿಕೊಳ್ಳುತ್ತಿದ್ದ ಜಾನ್ ಬ್ಯಾಪ್ಟಿಸ್ಟ್ ಕೆರೂ, ತಮ್ಮದೇ ಮುಖ್ಯ ಸಾಧನದಲ್ಲಿ ತಮ್ಮದೇ ಸಂಹಿತೆ ಓಡದಿದ್ದರೆ ಈ ಜವಾಬ್ದಾರಿಗೆ ಅರ್ಥವಿಲ್ಲವೆಂದು 2013ರ ಆಗಸ್ಟ್‌ನಲ್ಲಿ ಆ ಕೆಲಸ ಬಿಟ್ಟರು. ಕಡತಗಳು ಆಮೇಲೆ ಹೊರಬಂದವು. ಇಂದು ಫ್ಲೋ ಇಷ್ಟು ಸಲೀಸಾಗಿ ಹೊಸ ವ್ಯವಸ್ಥೆಗಳನ್ನು ಹೊರುತ್ತದೆ ಎಂದರೆ ಅಂದಿನ ಆ ಪ್ರತಿಭಟನೆಯ ಪಾಲೂ ಅದರಲ್ಲಿದೆ ಎಂದು ನಾನು ನಂಬುತ್ತೇನೆ. ಮುಚ್ಚಿದ ಕಡತದ ಹಂಗೇ ಬೇಡವೆಂದು ಹೊರಟವರೂ ಇದ್ದರು. ಅಡ್ರಿನೋ ಗ್ರಾಫಿಕ್ಸ್ ಚಿಪ್ ಹೇಗೆ ಕೆಲಸ ಮಾಡುತ್ತದೆಂದು ಹೊರಗಿನಿಂದಲೇ ಬಗೆದು ನೋಡಿ ರಾಬ್ ಕ್ಲಾರ್ಕ್ ಶುರುಮಾಡಿದ ಫ್ರೀಡ್ರಿನೋ ಎಂಬ ತೆರೆದ ಡ್ರೈವರ್, ಫ್ಲೋ ಒಳಗಿನ ಅಡ್ರಿನೋ 320ನ್ನೂ ನಡೆಸುತ್ತದೆ.

ಇನ್ನು ಯಾವ ವ್ಯವಸ್ಥೆ ಹಾಕುವುದು? ಓದಲು, ರೇಡಿಯೋ ಕೇಳಲು ಬಳಸುವವರಿಗೆ ನನ್ನ ಶಿಫಾರಸು ಲೀನಿಯೇಜ್ ಓಎಸ್. 2016ರ ಕೊನೆಯಲ್ಲಿ ಆಂಡ್ರಾಯ್ಡ್‌ನ ಸಮುದಾಯ ಆವೃತ್ತಿಯಾದ ಸಯಾನೊಜೆನ್‌ಮಾಡ್ ನಿಂತಾಗ ಅದನ್ನು ಕಟ್ಟಿದ್ದ ಸ್ವಯಂಸೇವಕರೇ ಅದೇ ಸಂಹಿತೆಯಿಂದ ಬೆಳೆಸಿದ್ದು ಇದು. ಫ್ಲೋಗೆ ಇದರ 18.1ನೇ ಆವೃತ್ತಿ ಬಂದಿದೆ, ಎಂದರೆ ಆಂಡ್ರಾಯ್ಡ್ 11. ಅದನ್ನು ಹಾಕುವ ಮೊದಲು ಒಂದು ಅಡ್ಡಿ ದಾಟಬೇಕು. 2013ರಲ್ಲಿ ವ್ಯವಸ್ಥೆಗೆಂದು ಮೀಸಲಿಟ್ಟ ಜಾಗ 1 ಜಿಬಿಯಷ್ಟೂ ಇಲ್ಲ, ಹೊಸ ಆಂಡ್ರಾಯ್ಡ್ ಅದರೊಳಗೆ ಹಿಡಿಸುವುದಿಲ್ಲ. ಮನೆಯ ಒಳಗೋಡೆ ಸರಿಸಿ ಅಡುಗೆಮನೆ ದೊಡ್ಡದು ಮಾಡಿಕೊಂಡ ಹಾಗೆ ಮೆಮೊರಿಯ ಪಾರ್ಟಿಷನ್‌ಗಳನ್ನು ಮತ್ತೆ ಹಂಚಬೇಕು. ಹಾಗೆ ಹಂಚಿದ ಫ್ಲೋವನ್ನು ‘ಫ್ಲಾಕ್ಸ್’ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ, ಇನ್‌ಸ್ಟಾಲ್ ಕಡತವೂ ಆ ಹೆಸರಿನದೇ ಬೇಕು. ಇಡೀ ಕೆಲಸದಲ್ಲಿ ಎಚ್ಚರ ಬೇಕಾದ ಹಂತ ಇದೊಂದೇ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ಸಡಿಲವಿಲ್ಲದ ಕೇಬಲ್ ಹಿಡಿದು, ಕರೆಂಟು ಹೋಗದ ಹೊತ್ತಿನಲ್ಲಿ ಕೂರಬೇಕು.

ಆಮೇಲಿನದು ಸರಾಗ. ರಿಕವರಿಗೆ ಹೋಗಿ ಸೈಡ್‌ಲೋಡ್ ಮೂಲಕ ಕಡತ ಕಳಿಸಿದರೆ ಆಯಿತು. ಕಂಪ್ಯೂಟರಿನ ಪರದೆಯಲ್ಲಿ ಎಣಿಕೆ ಕೆಲವೊಮ್ಮೆ ಶೇ 47ಕ್ಕೆ ನಿಂತುಬಿಡುತ್ತದೆ. ಗಾಬರಿಯಾಗಿ ಕೇಬಲ್ ಎಳೆಯಬೇಡಿ. ಅಲ್ಲಿ ನಿಂತಂತೆ ಕಂಡರೂ ಟ್ಯಾಬ್ಲೆಟ್ ಒಳಗೆ ಕೆಲಸ ಮುಗಿದಿರಬಹುದು. ಟ್ಯಾಬ್ಲೆಟ್‌ನ ಪರದೆ ಏನು ಹೇಳುತ್ತದೋ ಅದನ್ನೇ ನಂಬಿ. ಮೊದಲ ಸಲ ಆನ್ ಆಗಲು ಹತ್ತು ನಿಮಿಷ ಹಿಡಿದರೂ ಕಾಯಬೇಕು. ಮನಸ್ಸು ಬದಲಾದರೆ ಮೊದಲಿನ ಸ್ಥಿತಿಗೆ ಮರಳಲು ಗೂಗಲ್‌ನ ಕಾರ್ಖಾನೆ ಕಡತ ‘ರೇಜರ್’ ಎಂಬ ಹೆಸರಿನಲ್ಲಿದೆ. ಅದನ್ನು ಮೊದಲೇ ಇಳಿಸಿಟ್ಟುಕೊಂಡರೆ ಕೈ ನಡುಗುವುದಿಲ್ಲ.

ಈಗ ನನ್ನ ಖಚಿತ ಅಭಿಪ್ರಾಯ: ಗೂಗಲ್ ಆ್ಯಪ್‌ಗಳ ಪೊಟ್ಟಣ ಹಾಕಬೇಡಿ. ಲೀನಿಯೇಜ್ ಜೊತೆ ಅದು ಬರುವುದಿಲ್ಲ, ಬೇಕಾದವರು ಬೇರೆಯಾಗಿ ಸೇರಿಸಿಕೊಳ್ಳಬೇಕು. 2009ರಲ್ಲಿ ಸಯಾನೊಜೆನ್‌ಮಾಡ್‌ಗೆ ಗೂಗಲ್ ಕಾನೂನು ಎಚ್ಚರಿಕೆ ಕೊಟ್ಟ ಕಾಲದಿಂದ ಇರುವ ಕಟ್ಟುಪಾಡು ಅದು. ಫ್ಲೋದಂಥ ಯಂತ್ರಕ್ಕೆ ಈ ಕಟ್ಟುಪಾಡು ವರವೇ ಆಗಿದೆ. ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಪ್ಲೇ ಸರ್ವಿಸಸ್ ಇಲ್ಲದಿದ್ದರೆ 2 ಜಿಬಿ ರ‍್ಯಾಮ್ ಧಾರಾಳ, ಬ್ಯಾಟರಿಯೂ ಬಾಳುತ್ತದೆ. ಆ್ಯಪ್‌ಗಳಿಗೆ ಎಫ್-ಡ್ರಾಯ್ಡ್ ಎಂಬ ತೆರೆದ ಆ್ಯಪ್‌ಗಳ ಭಂಡಾರ ಸಾಕು. ಬ್ಯಾಂಕು, ಯುಪಿಐಗಳನ್ನು ಇದರಲ್ಲಿ ಇಟ್ಟುಕೊಳ್ಳಲೇಬಾರದು. ಆಂಡ್ರಾಯ್ಡ್ 11ಕ್ಕೆ ಗೂಗಲ್ ಭದ್ರತಾ ತೇಪೆ ಹಾಕುವುದನ್ನು ನಿಲ್ಲಿಸಿದೆ. ಆಂಡ್ರಾಯ್ಡ್ 12ರಿಂದ ನೆಟ್‌ವರ್ಕ್ ನಿಯಂತ್ರಣಕ್ಕೆ ಬೇಕಾದ ಇಬಿಪಿಎಫ್ ಎಂಬ ಸೌಲಭ್ಯ ಫ್ಲೋದ 3.4ನೇ ಕರ್ನೆಲ್‌ನಲ್ಲಿ ಇಲ್ಲವಾದ್ದರಿಂದ ಮುಂದಿನ ದಾರಿಯೂ ಅಲ್ಲಿಗೆ ಕಟ್ಟಾಗಿದೆ.

ಓದುವ ಸುಖಕ್ಕೆ ಮಾತ್ರ ಕಟ್ಟೇ ಇಲ್ಲ. ಆಂಡ್ರಾಯ್ಡ್ 5.0ರಿಂದ, ಅಂದರೆ 2014ರಿಂದ, ಇಡೀ ಮೆನುಗಳನ್ನೇ ಕನ್ನಡಕ್ಕೆ ಬದಲಿಸಿಕೊಳ್ಳುವ ಅನುಕೂಲವಿದೆ, ಲೀನಿಯೇಜ್‌ಗೂ ಅದು ಹರಿದುಬಂದಿದೆ. ಟೈಪ್ ಮಾಡಲು ಇಂಡಿಕ್ ಕೀಬೋರ್ಡ್‌ನಲ್ಲಿ ಇನ್‌ಸ್ಕ್ರಿಪ್ಟೂ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಬಡಿದು ಕನ್ನಡ ಪಡೆಯುವ ವಿನ್ಯಾಸವೂ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಕೆಒರೀಡರ್ ಎಂಬ ಓದುವ ಆ್ಯಪ್‌ನಲ್ಲಿ ತೆರೆದು ನೋಡಿ. ಪುಟದ ಸುತ್ತಲಿನ ಖಾಲಿ ಅಂಚನ್ನು ಅದು ತಾನೇ ಕತ್ತರಿಸಿ ಅಕ್ಷರದ ಭಾಗವನ್ನು ಪರದೆಯ ತುಂಬ ಹರಡುತ್ತದೆ. ಡೆಮಿ ಅಷ್ಟದಳದ ಪುಟ ಏಳಿಂಚಿನಲ್ಲಿ ಕಣ್ಣಿಗೆ ಶ್ರಮವಿಲ್ಲದೆ ಓದಿಸಿಕೊಳ್ಳುತ್ತದೆ. ಇದೊಂದಕ್ಕೇ ಫ್ಲೋ ಕೊಳ್ಳಬಹುದು ಎನ್ನುತ್ತೇನೆ.

ಲಿನಕ್ಸ್ ಕಲಿಯುವ ಹುಮ್ಮಸ್ಸಿನ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಪೋಸ್ಟ್‌ಮಾರ್ಕೆಟ್ ಓಎಸ್ ಹಾಕಿಕೊಡಿ. ಫೋನು, ಟ್ಯಾಬ್ಲೆಟ್‌ಗಳು ಹತ್ತು ವರ್ಷವಾದರೂ ಬಾಳಬೇಕೆಂಬ ಗುರಿಯಿಂದ 2017ರಲ್ಲಿ ಹುಟ್ಟಿದ ಯೋಜನೆ ಇದು. ಆಲ್ಪೈನ್ ಲಿನಕ್ಸ್ ಇದರ ಬುನಾದಿ. 3.4ನೇ ಕರ್ನೆಲ್‌ನ ಕಟ್ಟಿನಿಂದ ಬಿಡಿಸಿ ಫ್ಲೋವನ್ನು ಮುಖ್ಯ ಲಿನಕ್ಸ್ ಕರ್ನೆಲ್ ಮೇಲೆ ಓಡಿಸುವ ಪ್ರಯತ್ನ ನಡೆದಿರುವುದು ಇಲ್ಲಿಯೇ, ಫ್ರೀಡ್ರಿನೋ ಫಲ ಕಾಣುವುದೂ ಇಲ್ಲಿಯೇ. ಆದರೆ ನೋಟೋ ಕನ್ನಡ ಫಾಂಟನ್ನು ಕೈಯಾರೆ ಸೇರಿಸುವವರೆಗೆ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಬರಬಹುದು. ಉಬುಂಟು ಟಚ್ ಕೂಡ ಫ್ಲೋಗೆ ಇದೆ. 2017ರಲ್ಲಿ ಕ್ಯಾನನಿಕಲ್ ಕೈಬಿಟ್ಟದ್ದನ್ನು ಯುಬಿಪೋರ್ಟ್ಸ್ ಸಮುದಾಯ ಎತ್ತಿಕೊಂಡು ಸಾಕಿತು. ಅಂಚಿನಿಂದ ಬೆರಳೆಳೆಯುವ ಅದರ ನಡೆ ಚೆಂದ, ಓದುಗರಿಗೆ ಬೇಕಾದ ಆ್ಯಪ್‌ಗಳು ಕಡಿಮೆ.

ಕೊಳ್ಳುವವರಿಗೆ ಕೊನೆಯದಾಗಿ ಎರಡು ವಿಷಯ. ಫ್ಲೋದಲ್ಲಿ ಬೇಗ ಸೋಲುವುದು ಮೈಕ್ರೋ ಯುಎಸ್‌ಬಿ ಸಾಕೆಟ್. ತಂತಿಯಿಲ್ಲದ ಚೀ ಚಾರ್ಜಿಂಗ್ ಇದರಲ್ಲೇ ಇರುವುದರಿಂದ ದಿನದ ಚಾರ್ಜ್‌ಗೆ ಪ್ಯಾಡ್ ಬಳಸಿ, ಸಾಕೆಟ್ಟನ್ನು ಕಂಪ್ಯೂಟರಿಗೆ ಜೋಡಿಸಲು ಮಾತ್ರ ಉಳಿಸಿಕೊಳ್ಳಿ. ಎರಡನೆಯದು 3950 ಎಂಎಎಚ್ ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ವಿಚಾರಿಸುವಾಗ ನೆಕ್ಸಸ್ 7 ಎಂದಷ್ಟೇ ಹೇಳಿದರೆ 2012ರ ಮಾದರಿಯದನ್ನು ಕೊಡುವ ಸಂಭವವಿದೆ, ಅದು ಇದಕ್ಕೆ ಕೂರುವುದಿಲ್ಲ. ಇಸವಿ ಸೇರಿಸಿಯೇ ಕೇಳಿ. ಹಿಂಬದಿಯ ಮುಚ್ಚಳ ಅಂಚಿನಲ್ಲಿ ಎದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದೇ ತಿಳಿದು, ಅದನ್ನು ಬದಲಿಸುವವರೆಗೆ ಚಾರ್ಜ್‌ಗೆ ಹಾಕಬೇಡಿ.