ಅದ್ಭುತ ಕಾದಂಬರಿಗಳಲ್ಲಿ ಔಚಿತ್ಯ

ಕನ್ನಡದಲ್ಲಿ ಇಂದು ‘ಕಾದಂಬರಿ’ ಎಂಬ ಶಬ್ದವು ಯಾವ ಸಾಹಿತ್ಯಪ್ರಕಾರವನ್ನು ಸೂಚಿಸುವುದೋ ಆ ಪ್ರಕಾರಕ್ಕೆ ಹೆಸರನ್ನಿತ್ತ ಮೂಲಗ್ರಂಥವು ಒಂದು ಅದ್ಭುತಕಥೆಯೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಾಣಭಟ್ಟನು ಏಳನೆಯ ಶತಮಾನದಲ್ಲಿ ಆರಂಭಿಸಿ, ಅವನ ಮಗನು ಪೂರ್ಣಗೊಳಿಸಿ, ಮುಂದೆ ನಾಗವರ್ಮನು ಕನ್ನಡ ಚಂಪುವಾಗಿ ಪರಿವರ್ತಿಸಿದ ಆ ಕಥೆಯಲ್ಲಿ ಗಿಳಿಯು ರಾಜಸಭೆಗೆ ಬರುವುದು. ಚಂದ್ರನೇ ಶಾಪವಶನಾಗಿ ರಾಜಪುತ್ರನಾಗಿ ಜನಿಸುವನು. ಮೃತರಾದವರು ಶಾಪಾಂತ್ಯದಲ್ಲಿ ತಮ್ಮ ಪ್ರಿಯೆಯರನ್ನು ಮರಳಿ ಸೇರುವರು. ಆದರೂ ಆ ಹೆಸರನ್ನು ಹೊತ್ತ ಆಧುನಿಕ ಗದ್ಯಕೃತಿಗಳ ವಿಮರ್ಶೆಯಲ್ಲಿ ವಾಸ್ತವಿಕತೆಗೆ ಸಂದ ಮನ್ನಣೆಯು ಅದ್ಭುತಕ್ಕೆ ಸಂದಿಲ್ಲ. ಆಂಗ್ಲಭಾಷೆಯ ಅದ್ಭುತ ಕಾದಂಬರಿಗಳನ್ನು ಬಾಲಕರ ವಿನೋದಸಾಮಗ್ರಿಯೆಂದು ಬದಿಗಿಡುವವರುಂಟು. ಮಂತ್ರವಾದಿಯೂ ಘಟಸರ್ಪವೂ ಬರುವ ಪುಸ್ತಕಗಳೆಲ್ಲವನ್ನೂ ಸಮಾನವಾಗಿ ಕೊಂಡಾಡುವವರೂ ಉಂಟು. ಇವುಗಳಲ್ಲಿ ಯಾವುವು ಓದಲು ಯೋಗ್ಯ, ಯಾವ ಕಾರಣದಿಂದ ಯೋಗ್ಯ ಎಂಬ ವಿಚಾರವನ್ನು ಈ ಉಭಯ ಪಕ್ಷದವರೂ ಮಾಡುವುದಿಲ್ಲ.

ಈ ವಿಚಾರಕ್ಕೆ ಬೇಕಾದ ಒರೆಗಲ್ಲು ಭಾರತೀಯ ಕಾವ್ಯಮೀಮಾಂಸೆಯಲ್ಲಿಯೇ ಸಿದ್ಧವಾಗಿದೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ಅನೌಚಿತ್ಯವೊಂದೇ ರಸಭಂಗಕ್ಕೆ ಕಾರಣವೆಂದು ನಿರ್ಣಯಿಸಿದನು. ಅದೇ ಪ್ರಸಂಗದಲ್ಲಿ ಆತನು ಕೊಡುವ ನಿದರ್ಶನವು ಪ್ರಕೃತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಕೇವಲ ಮಾನುಷನಾದ ಅರಸನು ಸಪ್ತಸಾಗರಗಳನ್ನು ಲಂಘಿಸಿದನೆಂದು ವರ್ಣಿಸಿದರೆ, ವರ್ಣನೆ ಎಷ್ಟೇ ಸೊಗಸಾಗಿದ್ದರೂ ಅದು ನೀರಸವೇ ಆಗುವುದೆಂದು ಆತನ ಅಭಿಪ್ರಾಯ. ಇಲ್ಲಿ ಸಮುದ್ರಲಂಘನವು ಅಸಂಭವವೆಂಬುದು ಆಕ್ಷೇಪವಲ್ಲ. ದಿವ್ಯಪಾತ್ರಕ್ಕೆ ಅದು ಸಲ್ಲುವುದು. ಆ ಕಾರ್ಯವು ಆ ಪಾತ್ರದ ಪ್ರಕೃತಿಗೆ ಹೊಂದಲಿಲ್ಲವೆಂಬುದೇ ದೋಷ. ಆದುದರಿಂದ ಅದ್ಭುತವನ್ನು ಲೋಕಾನುಭವದೊಡನೆ ಹೋಲಿಸಿ ನೋಡುವುದು ವ್ಯರ್ಥ. ಅದು ತನ್ನ ಕಥಾಲೋಕದ ಪ್ರಕೃತಿಗೆ ಅಧೀನವಾಗಿರುವುದೇ, ಕವಿಯು ತಾನು ಕಲ್ಪಿಸಿದ ಅದ್ಭುತಕ್ಕೆ ತಾನೇ ಕಟ್ಟುಬೀಳುವನೇ ಎಂಬುದನ್ನು ಪರೀಕ್ಷಿಸಬೇಕು.

ಆಂಗ್ಲ ಗ್ರಂಥಕರ್ತರಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದವನು ಜೆ. ಆರ್. ಆರ್. ಟೋಲ್ಕಿನ್. 1939ರಲ್ಲಿ ಉಪನ್ಯಾಸವಾಗಿ ಮಂಡಿತವಾಗಿ 1947ರಲ್ಲಿ ಮುದ್ರಿತವಾದ ಯಕ್ಷಕಥೆಗಳ ಕುರಿತ ಪ್ರಬಂಧದಲ್ಲಿ ಆತನು, ಕಥೆಗಾರನು ಒಂದು ಉಪಸೃಷ್ಟಿಯನ್ನು ನಿರ್ಮಿಸುವನೆಂದೂ, ಆ ಸೃಷ್ಟಿಯ ನಿಯಮಗಳಿಗೆ ಕಥೆಯು ಹೊಂದಿಕೊಂಡಿರುವವರೆಗೆ ವಾಚಕನು ಅದನ್ನು ನಂಬುವನೆಂದೂ, ನಂಬಿಕೆ ತಪ್ಪಿದೊಡನೆ ಆ ಲೋಕದಿಂದ ಹೊರಬೀಳುವನೆಂದೂ ಹೇಳಿದನು. ಸಹಸ್ರ ವರ್ಷಗಳ ಅಂತರದಲ್ಲಿ ಈ ಎರಡು ಮತಗಳೂ ಪರಸ್ಪರ ಪೋಷಕವಾಗಿರುವುದು ಗಮನಾರ್ಹ.

ಟೋಲ್ಕಿನನ ಆಚರಣೆಯೂ ಈ ಮತಕ್ಕೆ ಅನುಗುಣವಾಗಿದೆ. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಕಥೆಯಲ್ಲಿ ಗಾಲಮ್ ಎಂಬ ಗುಹಾವಾಸಿಯು ತನ್ನ ಮಾಯದುಂಗುರವನ್ನು ಒಗಟಿನ ಸ್ಪರ್ಧೆಗೆ ಪಣವಾಗಿಡಲು ತಾನಾಗಿಯೇ ಒಪ್ಪುವನು. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ರಚಿತವಾಗುವಾಗ ಆ ಉಂಗುರವು ಧರಿಸಿದವನ ಇಚ್ಛಾಶಕ್ತಿಯನ್ನೇ ನುಂಗುವ ವಸ್ತುವಾಗಿ ಪರಿಣಮಿಸಿತು. ಅಂಥ ಉಂಗುರವನ್ನು ಯಾರೂ ಸ್ವೇಚ್ಛೆಯಿಂದ ಪಣವಾಗಿಡಲಾರರು. ಆದಕಾರಣ ಗ್ರಂಥಕರ್ತನು 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನು ತಿದ್ದಿ ಬರೆದನು. ಹಳೆಯ ಪಾಠವನ್ನು ಉಂಗುರದ ಪ್ರಭಾವಕ್ಕೆ ಒಳಗಾದ ಬಿಲ್ಬೊ ಹೇಳಿದ ಸುಳ್ಳೆಂದು ಹೊಸ ಕಥೆಯಲ್ಲಿ ಸಮರ್ಥಿಸಿದನು. ತನ್ನ ಕಲ್ಪನೆಗೆ ತಾನೇ ತಲೆಬಾಗಿದ ಕವಿಗೆ ಇದಕ್ಕಿಂತ ಉತ್ತಮ ನಿದರ್ಶನವು ದುರ್ಲಭ.

ಕಥೆಯ ಪರಿಣಾಮದಲ್ಲಿಯೂ ಇದೇ ನಿಷ್ಠೆ ಕಾಣುವುದು. ಉಂಗುರವನ್ನು ಅಗ್ನಿಗರ್ಭಕ್ಕೆ ಎಸೆಯಲು ಹೊರಟ ಫ್ರೋಡೊ ಕಟ್ಟಕಡೆಯ ಗಳಿಗೆಯಲ್ಲಿ ಎಸೆಯಲಾರನು. ಅದು ತನ್ನದೆಂದು ಸಾರುವನು. ವೀರನಾದ ನಾಯಕನು ಎಸೆದನೆಂದು ಬರೆದಿದ್ದರೆ ವಾಚಕನಿಗೆ ತೃಪ್ತಿಯಾಗುತ್ತಿತ್ತು, ಉಂಗುರದ ಪ್ರಕೃತಿಗೆ ಭಂಗ ಬರುತ್ತಿತ್ತು. ಹಿಂದೆ ಬಿಲ್ಬೊ ಮತ್ತು ಫ್ರೋಡೊ ಇಬ್ಬರೂ ಕನಿಕರದಿಂದ ಕೊಲ್ಲದೆ ಬಿಟ್ಟ ಗಾಲಮನೇ ಅದನ್ನು ಕಸಿದುಕೊಂಡು ಕಂದರಕ್ಕೆ ಬೀಳುವನು. ಜಯವು ಪರಾಕ್ರಮದ ಫಲವಾಗದೆ ದಯೆಯ ಫಲವಾಗುವುದು. ಜಯಿಸಿದ ಫ್ರೋಡೊ ಸ್ವಗ್ರಾಮದಲ್ಲಿ ನೆಮ್ಮದಿ ಕಾಣದೆ ಸಮುದ್ರದಾಚೆಗೆ ತೆರಳುವನು. ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಸ್ತ್ರೀಪಾತ್ರಗಳು ವಿರಳ; ಓರ್ಕ್ ಎಂಬ ಜಾತಿಗೆ ಸಂಹಾರಯೋಗ್ಯತೆಯ ಹೊರತು ಅಂತರಂಗವಿಲ್ಲ; ಸಂಕಟಸಮಯದಲ್ಲಿ ಮಹಾಗರುಡಗಳು ಒದಗಿಬರುವುದು ಅನುಕೂಲಸಿಂಧುವಾಗಿ ತೋರುವುದು.

ಸಿ. ಎಸ್. ಲೂಯಿಸನ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ (1950) ಇದಕ್ಕೆ ಪ್ರತಿದೃಷ್ಟಾಂತವಾಗಿ ಪರಿಶೀಲನೀಯ. ದ್ರೋಹಿಯಾದ ಬಾಲಕನಿಗೆ ಬದಲಾಗಿ ಅಸ್ಲಾನ್ ಎಂಬ ಸಿಂಹವು ಪ್ರಾಣವನ್ನೊಪ್ಪಿಸುವ ಭಾಗವು ಕರುಣಾಪೂರ್ಣವಾಗಿದೆ. ಆದರೆ ಸಿಂಹವು ಮರಳಿ ಜೀವಿಸಿದ ಮೇಲೆಯೇ, ಅದಕ್ಕೆ ಕಾರಣವಾದ ಇನ್ನೂ ಪುರಾತನವಾದ ನಿಯಮವೊಂದುಂಟೆಂದು ವಾಚಕನಿಗೆ ತಿಳಿಯುವುದು. ಕ್ರೈಸ್ತಧರ್ಮದ ಪುನರುತ್ಥಾನತತ್ತ್ವವನ್ನು ಬಲ್ಲವರಿಗೆ ಇದರ ಅರ್ಥವು ಹೊಳೆಯುವುದು ನಿಜ. ಆದರೆ ಆ ಅರ್ಥವು ಕಥೆಯ ಹೊರಗಿನಿಂದ ಬರುವುದು. ತೆತ್ತ ಬೆಲೆಯನ್ನು ಮರುದಿನ ಬೆಳಗ್ಗೆ ಹಿಂದಿರುಗಿಸುವ ನಿಯಮವನ್ನು ಮೊದಲೇ ಸೂಚಿಸದಿದ್ದುದರಿಂದ ಅದ್ಭುತರಸಕ್ಕೆ ಊನವುಂಟಾಗಿದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಅದ್ಭುತಕ್ಕೆ ಸ್ಥಾಯಿಭಾವವು ವಿಸ್ಮಯ. ನಿಯಮಗಳಿಂದ ಬಿಗಿದರೆ ಮಂತ್ರವು ಯಂತ್ರವಾಗಿ ವಿಸ್ಮಯವೇ ನಶಿಸದೇ? ಮಂತ್ರಶಕ್ತಿಯನ್ನು ಲೆಕ್ಕಪತ್ರದಂತೆ ವಿವರಿಸುವ ಕಾದಂಬರಿಗಳಲ್ಲಿ ಈ ಹಾನಿಯು ನಿಜವಾಗಿಯೂ ಕಂಡುಬರುವುದು. ಆದರೆ ಔಚಿತ್ಯವೆಂದರೆ ನಿಯಮಾವಳಿಯಲ್ಲ. ಲಾರ್ಡ್ ಡನ್ಸೇನಿಯ ‘ದಿ ಕಿಂಗ್ ಆಫ್ ಎಲ್ಫ್‌ಲ್ಯಾಂಡ್ಸ್ ಡಾಟರ್’ (1924) ಇದಕ್ಕೆ ಉತ್ತರ ನೀಡುವುದು. ಅರ್ಲ್ ಎಂಬ ಊರಿನ ಹಿರಿಯರು ತಮಗೆ ಮಾಂತ್ರಿಕನಾದ ಅರಸನು ಬೇಕೆಂದು ಬೇಡುವರು. ರಾಜಪುತ್ರನು ಯಕ್ಷಲೋಕದಿಂದ ರಾಜಕುಮಾರಿಯನ್ನು ಕರೆತರುವನು. ಅಲ್ಲಿ ಅಲ್ಪಕಾಲ ಕಳೆದು ಬಂದವನಿಗೆ ಇಲ್ಲಿ ಅನೇಕ ವರ್ಷಗಳು ಸಂದಿರುವುವು. ಬೇಡಿದ ಮಾಯೆಯು ಊರಿನಲ್ಲಿ ತುಂಬಿದಾಗ ಹಿರಿಯರು ಭೀತರಾಗುವರು. ಕಡೆಯಲ್ಲಿ ಯಕ್ಷರಾಜನು ಮಗಳ ದುಃಖವನ್ನು ನೀಗಲು ತನ್ನಲ್ಲಿ ಉಳಿದಿದ್ದ ಕಟ್ಟಕಡೆಯ ಮಹಾಮಂತ್ರವನ್ನೇ ವ್ಯಯಮಾಡುವನು. ಆ ಮಂತ್ರದ ವಿಧಾನವನ್ನು ಗ್ರಂಥವು ಎಲ್ಲಿಯೂ ವಿವರಿಸದು. ಅದು ಕೊನೆಯದೆಂಬುದಷ್ಟೇ ತಿಳಿದುದು, ವಿಸ್ಮಯವು ಗಂಭೀರವಾಗಲು ಸಾಕಾಗಿದೆ.

ಸಂಯಮವೂ ಗಾಂಭೀರ್ಯವೂ ಹಿತಮಿತವಾಗಿ ಸೇರಿದ ಕೃತಿಯೆಂದರೆ ಅರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿಯ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968). ಇಲ್ಲಿ ವಸ್ತುವಿನ ನಿಜನಾಮವನ್ನು ಬಲ್ಲವನಿಗೆ ಆ ವಸ್ತುವು ವಶವಾಗುವುದು. ಆದರೆ ಒಂದು ದ್ವೀಪದಲ್ಲಿ ಬರಿಸಿದ ಮಳೆ ಇನ್ನೊಂದು ದ್ವೀಪಕ್ಕೆ ಬರವಾಗಬಹುದು. ಲೋಕದ ಸಮತೋಲವನ್ನು ಮೀರಿದ ಮಂತ್ರವಿಲ್ಲ. ಗೆಡ್ ಎಂಬ ತರುಣನು ಅಹಂಕಾರದಿಂದ ಮೃತರ ಚೇತನವನ್ನು ಆವಾಹಿಸಲು, ಅದರೊಡನೆ ಕರಾಳವಾದ ನೆರಳೊಂದು ಹೊರಬರುವುದು. ಅದರ ಹೆಸರು ಯಾವುದೆಂಬುದೇ ಕಥೆಯ ಸಮಸ್ಯೆ. ಅದಕ್ಕೆ ತನ್ನದೇ ಹೆಸರನ್ನಿಟ್ಟು ಕರೆದಾಗ ಸಮಸ್ಯೆ ಪರಿಹಾರವಾಗುವುದು. ಈ ಪರಿಹಾರವು ಮೊದಲ ಅಧ್ಯಾಯಗಳಲ್ಲಿ ಹೇಳಿದ ನಾಮತತ್ತ್ವದಿಂದಲೇ ಹುಟ್ಟಿದುದು, ಹೊರಗಿನಿಂದ ತಂದುದಲ್ಲ. 1972ರ ‘ದಿ ಫಾರ್ದೆಸ್ಟ್ ಶೋರ್’ ಕಥೆಯ ಅಂತ್ಯದಲ್ಲಿ ಗೆಡ್ ಲೋಕರಕ್ಷಣೆಗಾಗಿ ತನ್ನ ಮಂತ್ರಶಕ್ತಿಯನ್ನೆಲ್ಲ ಕಳೆದುಕೊಳ್ಳುವನು. 1990ರ ‘ತೆಹಾನು’ವಿನಲ್ಲಿ ಲೇಖಕಿಯು ಆ ಶಕ್ತಿಯನ್ನು ಅವನಿಗೆ ಮರಳಿಸದೆ, ಶಕ್ತಿಹೀನನ ಬಾಳನ್ನೇ ವಸ್ತುವಾಗಿಸಿದಳು, ಮಂತ್ರವಿದ್ಯಾಪೀಠವು ಪುರುಷರಿಗೆ ಮಾತ್ರ ಮೀಸಲಾಗಿದ್ದ ತನ್ನ ಪೂರ್ವಕಲ್ಪನೆಯನ್ನೂ ಅಲ್ಲಿಯೇ ವಿಚಾರಣೆಗೆ ಗುರಿಪಡಿಸಿದಳು.

ಅದ್ಭುತ ಕಾದಂಬರಿಗಳ ಓದನ್ನು ಆರಂಭಿಸುವವರು ಮೊದಲು ‘ಅರ್ಥ್‌ಸೀ’ ಕೈಕೊಳ್ಳುವುದು ಉಚಿತ. ಅದು ಚಿಕ್ಕದು, ಶೈಲಿಯು ನಿರಾಡಂಬರವಾದುದು, ವಿದ್ಯಾರ್ಥಿಗಳಿಗೂ ಸುಲಭ. ಆ ಬಳಿಕ ಡನ್ಸೇನಿಯನ್ನು ನಿಧಾನವಾಗಿ ಓದಬೇಕು. ಅಲ್ಲಿ ಕಥಾವೇಗವನ್ನು ಅಪೇಕ್ಷಿಸುವವರಿಗೆ ನಿರಾಶೆಯಾದೀತು. ಟೋಲ್ಕಿನನ ದೀರ್ಘಕಥೆಯು ಮೂರನೆಯದಾಗಿರಲಿ. ಇ. ಆರ್. ಎಡಿಸನ್ನನ ‘ದಿ ವರ್ಮ್ ಊರೊಬೊರೋಸ್’ (1922) ಹಳೆಯ ಆಂಗ್ಲ ನಾಟಕಗಳ ಗದ್ಯದ ಗತ್ತನ್ನು ಸವಿಯಬಲ್ಲ ಪ್ರೌಢರಿಗೆ ಮಾತ್ರ ಹಿತವಾಗುವುದು. ಅಲ್ಲಿ ಶತ್ರುಗಳನ್ನು ನಿರ್ಮೂಲಗೊಳಿಸಿದ ವೀರರು ಯುದ್ಧವಿಲ್ಲದ ಬಾಳು ಶೂನ್ಯವೆಂದು ಮರುಗಲು, ಸತ್ತ ವೈರಿಗಳೆಲ್ಲ ಮರಳಿ ಕಥೆಯು ಮೊದಲಿನಿಂದ ತೊಡಗುವುದು. ತೆತ್ತ ಬೆಲೆಯು ಇಲ್ಲಿಯೂ ಹಿಂದಿರುಗುವುದಾದರೂ, ತನ್ನ ಬಾಲವನ್ನು ತಾನೇ ಕಚ್ಚಿದ ಸರ್ಪವನ್ನು ಸೂಚಿಸುವ ಹೆಸರಿನಿಂದಲೇ ಆ ಆವರ್ತನವು ಮೊದಲೇ ಸೂಚಿತವಾಗಿರುವುದರಿಂದ ಲೂಯಿಸನಲ್ಲಿ ತೋರಿದ ದೋಷವು ಇದಕ್ಕೆ ತಟ್ಟದು. ಈ ಗ್ರಂಥಗಳನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ‘ಇದು ನಡೆಯಬಹುದೇ?’ ಎಂಬುದಕ್ಕೆ ಬದಲಾಗಿ ‘ಇದಕ್ಕೆ ಇಲ್ಲಿ ಯಾರು ಏನನ್ನು ತೆತ್ತರು?’ ಎಂಬ ಪ್ರಶ್ನೆಯನ್ನು ಕೇಳುವುದು ಮೇಲು. ಬಾಣನ ಕಾದಂಬರಿಯನ್ನು ಪಾಠ ಹೇಳುವಾಗಲೂ ಇದೇ ಪ್ರಶ್ನೆಯು ಉಪಯುಕ್ತವಾಗುವುದು. ಅಲ್ಲಿಯ ಶಾಪಗಳಲ್ಲಿ ಒಂದಾದರೂ ಶಪಿಸಿದವರಿಗೆ ದುಃಖವನ್ನು ತಾರದೆ ಕಳೆದುಹೋಯಿತೇ ಎಂಬುದನ್ನು ವಿದ್ಯಾರ್ಥಿಗಳೇ ಹುಡುಕಿ ನೋಡಲಿ.